ಅಕ್ಕನ ಪರವಾಗಿ

ಎರಡನೇ ದಿನ, ಮಧ್ಯಾಹ್ನ ಎಂದು ಬರೆದು ಕೆಳಗೊಂದು ಗೆರೆ ಎಳೆದ ಮೇಲೆ ಮುಂದೇನು ಬರೆಯಬೇಕೆಂದು ಅವನಿಗೆ ಹೊಳೆಯಲಿಲ್ಲ. ಬೆಳಿಗ್ಗೆಗೆ ನದಿಯ ದೋಣಿ ಸಂಚಾರ, ಸಂಜೆಗೆ ನಲವತ್ತೆಂಟನೇ ಮಹಡಿಯಿಂದ ಊರು ನೋಡುವುದು ಆಗಲೇ ಗೊತ್ತುಮಾಡಿಕೊಂಡಾಗಿತ್ತು. ನಡುವಿನ ಮೂರು ಗಂಟೆ ಮಾತ್ರ ಬಾಯಿ ತೆರೆದುಕೊಂಡು ಕೂತಿತ್ತು. ಇಪ್ಪತ್ತು ವರ್ಷಗಳಿಂದ ಕಟ್ಟು ಹಲ್ಲಿನ ಸೆಟ್ಟು ಮಾಡುತ್ತಾ ಬಂದವನಿಗೆ ಎಲ್ಲಿ ಸಂದಿ ಕಂಡರೂ ತುಂಬಿಬಿಡಬೇಕೆನಿಸುತ್ತದೆ. ಮೇಜಿನ ಮೇಲೆ ಯಾರ್ಯಾರದೋ ದವಡೆಗಳ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ಒಣಗುತ್ತಿದ್ದವು. ಲ್ಯಾಬಿನ ಹಿಂದಿನ ಮೂಲೆಯಲ್ಲಿ ಮೀಸೆ ಎಂದೇ ಎಲ್ಲರೂ ಕರೆಯುವ ಜೊತೆಗಾರ ಪಾಲಿಶ್ ಮಿಷನ್ನಿನ ಮುಂದೆ ಬಗ್ಗಿದ್ದ. ಆ ಮಿಷನ್ನು ತಿರುಗತೊಡಗಿತೆಂದರೆ ಪಕ್ಕದವನ ಮಾತೂ ಕೇಳಿಸದು. ಇವನು ಪ್ರವಾಸದ ಪಟ್ಟಿಯನ್ನು ಹಲ್ಲಿನ ಡಾಕ್ಟರು ಕಳಿಸಿದ ಚೀಟಿಯ ಕೆಳಗೆ ಸರಿಸಿದ. ಸರಿಸಿದ ಮೇಲೆ, ಇಲ್ಲಿ ಯಾರಿಂದ ಮುಚ್ಚಿಡುತ್ತಿದ್ದೇನೆ ಎಂದು ತನಗೇ ನಾಚಿಕೆಯಾಯಿತು. ಮುಚ್ಚಿಡಬೇಕಾಗಿದ್ದ ಅಕ್ಕ ಮನೆಯಲ್ಲಿದ್ದಳು, ಕೆಳಗಿನ ಕೋಣೆಯಲ್ಲಿ, ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು.

ಊರು ಆರಿಸಿದ್ದು ಹೆಂಡತಿ. ಮದುವೆಯಾಗಿ ಇಪ್ಪತ್ತು ವರ್ಷವಾಯಿತು, ಒಂದು ಸಲವಾದರೂ ಸಮುದ್ರ ದಾಟೋಣ, ನಾಲ್ಕೇ ನಾಲ್ಕು ದಿನ ಎಂದು ಅವಳು ಪ್ರವಾಸದ ಆಫೀಸಿನ ಕಿಟಕಿಗೆ ಅಂಟಿಸಿದ್ದ ಚಿತ್ರಗಳಲ್ಲಿ ಒಂದರ ಮೇಲೆ ಬೆರಳಿಟ್ಟಿದ್ದಳು. ತಲೆಯ ಮೇಲೆ ಓಡುವ ರೈಲು, ಒಂದರ ಹೆಗಲ ಮೇಲೆ ಇನ್ನೊಂದು ಕೂತಂತಿದ್ದ ಕಟ್ಟಡಗಳು, ಕಾಲಿಡಲೂ ಜಾಗವಿಲ್ಲದ ರಸ್ತೆ. ಆ ಸಾಲಿನಲ್ಲಿ ಇನ್ನೂ ಐದು ಊರುಗಳಿದ್ದವು. ಇದು ಬೇಡ, ಅದು ನೋಡೋಣ ಎನ್ನಬಹುದಿತ್ತು; ಅವಳು ಯಾಕೆಂದೂ ಕೇಳುತ್ತಿರಲಿಲ್ಲ. ಅವನು "ಆಗಲಿ" ಎಂದುಬಿಟ್ಟಿದ್ದ. ಆಮೇಲೆ ಐದು ವಾರ ತನಗೆ ತಾನೇ ಹೇಳಿಕೊಂಡ: ನನಗೆ ಆಗ ನೆನಪೇ ಆಗಲಿಲ್ಲ. ಸುಳ್ಳು. ಬೆರಳು ಆ ಊರಿನ ಮೇಲೆ ಇಳಿಯುತ್ತಿದ್ದಾಗಲೇ ಅಕ್ಕನ ನೆನಪಾಗಿತ್ತು. ಬೇಡ ಎಂದರೆ ಕಾರಣ ಹೇಳಬೇಕಾಗುತ್ತದಲ್ಲ ಎಂಬ ಭಯಕ್ಕೇ ಅವನು ಹೂಂ ಎಂದದ್ದು.

"ಅಕ್ಕನಿಗೆ ಯಾವಾಗ ಹೇಳ್ತೀರಿ?" ಎಂದು ಹೆಂಡತಿ ಎರಡು ಸಲ ಕೇಳಿದ್ದಳು.

"ಎಲ್ಲ ಗಟ್ಟಿಯಾಗಲಿ, ಆಮೇಲೆ ಹೇಳೋಣ."

"ಅವರೇನು ಬೇಡ ಅಂತಾರಾ? ಖುಷಿ ಪಡ್ತಾರೆ. ಅವರು ಟ್ರಂಕ್ ಕಾಲಲ್ಲಿ ಇದ್ದಾಗ ಆ ಊರಿನವರ ಜೊತೆ ಮಾತಾಡ್ತಿದ್ರಂತಲ್ಲ."

ಅದು ಅವಳಿಗೂ ಗೊತ್ತು. ಅಷ್ಟು ಮಾತ್ರ ಗೊತ್ತು. ಅಕ್ಕ ದೂರವಾಣಿ ಕೇಂದ್ರದಲ್ಲಿ ಆಪರೇಟರ್ ಆಗಿದ್ದವಳು. ದೂರದೂರಿಗೆ ಮಾತಾಡಬೇಕೆನ್ನುವವರು ಮೊದಲು ಅವಳಿಗೆ ಹೇಳಬೇಕು, ಅವಳು ಆಚೆ ಊರಿನ ಆಪರೇಟರನ್ನು ಹಿಡಿಯಬೇಕು, ಆಚೆಯವಳು ಮನೆಯವರನ್ನು ಹಿಡಿದು ತಂತಿಗೆ ತಂತಿ ಕೂಡಿಸಬೇಕು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎಂಟು ಗಂಟೆ ನೆಟ್ಟಗೆ ಕೂತು, ಮನೆಗೆ ಬಂದ ಮೇಲೂ ಅವಳು ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು. ಅನ್ನ ಬೇಕಾ ಎಂದು ಕೇಳಿದರೂ ಯಾವುದೋ ಪ್ರಕಟಣೆ ಕೇಳಿದ ಹಾಗಿರುತ್ತಿತ್ತು. ಅವನೂ ಅಮ್ಮನೂ ನಗುತ್ತಿದ್ದರು. ಅಮ್ಮ ಆಗ ಇನ್ನೂ ನಗುವಷ್ಟು ಗಟ್ಟಿಯಿದ್ದಳು. ಆಮೇಲೆ ಒಂದು ಬೆಳಿಗ್ಗೆ ಅಮ್ಮನ ಬಾಯಿ ಒಂದು ಕಡೆಗೆ ಎಳೆದುಕೊಂಡಿತು, ಎಡಗೈ ಎಡಗಾಲು ಬಿದ್ದುಹೋದವು, ನಗಿಸುವುದಕ್ಕೆ ಯಾರೂ ಉಳಿಯಲಿಲ್ಲ.

ಆ ಸಂಜೆ ಅವನು ಮನೆಗೆ ಬಂದಾಗ ಅಕ್ಕ ಕೆಳಗಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕೈಯಲ್ಲೊಂದು ಚೀಟಿ. ಎದ್ದೇಳಲಿಲ್ಲ, ಎದ್ದೇಳುವುದು ಅವಳಿಗೀಗ ಎರಡು ಸಲ ಯೋಚಿಸಿ ಮಾಡಬೇಕಾದ ಕೆಲಸ.

"ಹನ್ನೊಂದು ಇಪ್ಪತ್ತಕ್ಕೆ ಪ್ರವಾಸದ ಆಫೀಸಿಂದ ಫೋನ್ ಬಂದಿತ್ತು," ಎಂದು ಚೀಟಿ ನೋಡಿ ಓದಿದಳು. "ಒಬ್ಬ ಹುಡುಗಿ ಮಾತಾಡಿದ್ದು. ನಿಮ್ಮಿಬ್ಬರ ಪಾಸ್‌ಪೋರ್ಟಿನ ನಕಲು ಸರಿಯಾಗಿ ಮೂಡಿಲ್ಲವಂತೆ, ಇನ್ನೊಂದು ಸಲ ಕೊಡಬೇಕಂತೆ. ಶನಿವಾರದೊಳಗೆ. ಹೋಟೆಲ್ ಬಂದರಿನ ಹತ್ತಿರ ಬೇಕೋ ರೈಲು ನಿಲ್ದಾಣದ ಹತ್ತಿರ ಬೇಕೋ ಅಂತ ಕೇಳಿದಳು. ತಿಳಿಸ್ತಾರೆ ಅಂದೆ." ಚೀಟಿಯನ್ನು ಅವನ ಕಡೆ ಚಾಚಿದಳು. ಕರೆ ಬಂದ ಹೊತ್ತು, ಮುಗಿದ ಹೊತ್ತು, ಹುಡುಗಿಯ ನಂಬರು, ಎಲ್ಲ ಒಂದರ ಕೆಳಗೊಂದು, ಒಂದು ಅಕ್ಷರವನ್ನೂ ಅಳಿಸಿ ತಿದ್ದಿರಲಿಲ್ಲ. ಯಾವುದೇ ಕರೆ ತನ್ನ ಕೈಯಲ್ಲಿ ಕಳೆದುಹೋಗಬಾರದು ಎನ್ನುವುದು ಅವಳ ರಕ್ತಕ್ಕೇ ಇಳಿದುಹೋಗಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದ್ದರೆ ಏನಾದರೊಂದು ಹೇಳಬಹುದಿತ್ತು. ಅವಳು ಕೇಳಲಿಲ್ಲ.

"ಆ ಊರಿಗಾ?" ಎಂದಳು, ಅಷ್ಟೆ. ಆಮೇಲೆ ಬೀದಿಯ ಕಡೆ ತಿರುಗಿ, "ಬಂದರಿನ ಹತ್ತಿರ ತಗೊಳ್ಳಿ. ನಿಲ್ದಾಣದ ಹತ್ತಿರ ಬೆಳಿಗ್ಗೆ ನಾಲ್ಕಕ್ಕೇ ತರಕಾರಿ ಲಾರಿ ಬರೋಕೆ ಶುರುವಾಗ್ತವೆ. ನಿದ್ದೆ ಬರಲ್ಲ."

"ನಿನಗೆ ಹೇಗೆ ಗೊತ್ತು?"

"ಹದಿನೇಳು ಹೇಳ್ತಿದ್ದಳು."

ಹದಿನೇಳು ಎಂದರೆ ಆಚೆ ಊರಿನ ಆಪರೇಟರ್. ಹೆಸರು ಕೇಳುವ ಹಾಗಿರಲಿಲ್ಲ, ನಿಯಮವಿತ್ತು, ನಂಬರೇ ಹೆಸರು. ಹದಿನೇಳಕ್ಕೆ ಇವಳು ಆರು. ಗಿರಾಕಿ ಲೈನಿಗೆ ಬರುವ ತನಕದ ಅರ್ಧ ನಿಮಿಷ, ಒಂದು ನಿಮಿಷದಲ್ಲಿ, ಇಬ್ಬರಿಗೂ ಸ್ವಂತವಲ್ಲದ ಹರಕು ಇಂಗ್ಲಿಷಿನಲ್ಲಿ, ಇವತ್ತು ಇಲ್ಲಿ ಮಳೆ, ನನ್ನ ತಂಗಿಗೆ ಮಗುವಾಯಿತು, ಕೊಡೆ ಬಸ್ಸಲ್ಲೇ ಮರೆತುಬಂದೆ ಎಂದು ಏಳು ವರ್ಷ ಮಾತಾಡಿಕೊಂಡಿದ್ದರು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

ಅಂದಿನಿಂದ ಪಟ್ಟಿ ಅಕ್ಕನ ಕೈಗೆ ಹೋಯಿತು. ಅವನು ಕೊಡಲಿಲ್ಲ, ಅವಳು ಕಿತ್ತುಕೊಳ್ಳಲೂ ಇಲ್ಲ. ಊಟವಾದ ಮೇಲೆ "ಎಲ್ಲಿ, ತಾ ನೋಡೋಣ" ಎನ್ನುವಳು, ಅಷ್ಟೆ. ಗಡಿಯಾರದ ಗೋಪುರದಿಂದ ಬಟ್ಟೆ ಬೀದಿಗೆ ನಡೆದೇ ಹೋಗಬಹುದು, ಬಸ್ಸು ಹತ್ತಿದರೆ ಸುತ್ತು. ಸೋಮವಾರ ವಸ್ತುಸಂಗ್ರಹಾಲಯ ಮುಚ್ಚಿರುತ್ತದೆ, ಆಗ ಮುಚ್ಚುತ್ತಿತ್ತು, ಈಗಲೂ ಮುಚ್ಚುತ್ತದಾ ಕೇಳಿನೋಡು. ಹೆಂಡತಿಗೆ ಇದೆಲ್ಲ ಭಾರಿ ಖುಷಿ. "ಅಕ್ಕ ಇದ್ದಾರೆ ಅಂತಾದ್ರೆ ಗೈಡ್ ಯಾಕೆ ಬೇಕು ನಮಗೆ," ಎಂದು ಅವಳು ನಗುವಾಗ ಅವನೂ ನಗಬೇಕಾಗುತ್ತಿತ್ತು. ಅಕ್ಕನ ಬೆರಳು ನಕ್ಷೆಯ ಮೇಲೆ ಸರಿದಾಡುವುದನ್ನು ನೋಡುತ್ತಾ ಅವನಿಗೆ ಇಪ್ಪತ್ತಾರು ವರ್ಷದ ಹಿಂದಿನ ಒಂದು ಬೆಳಿಗ್ಗೆಯ ಫೋನು ಕೇಳಿಸುತ್ತಿತ್ತು, ಆಗಿನ ಕಪ್ಪು ಫೋನು, ನಡುಮನೆಯ ಗೂಡಿನಲ್ಲಿ. ಕೆಲಸದಲ್ಲಿದ್ದವಳೆಂದು ಇಲಾಖೆಯವರೇ ಹಾಕಿಕೊಟ್ಟಿದ್ದು. ಅಮ್ಮನ ಕೋಣೆಯಿಂದ ಆ ವಾಸನೆ. ಅಕ್ಕ ಬೆಳಗಿನ ಪಾಳಿಗೆ ಹೋಗಿ ಅರ್ಧ ಗಂಟೆಯಾಗಿತ್ತು, ದಾರಿಯಲ್ಲೆಲ್ಲೋ ಬಸ್ಸಿನಲ್ಲಿದ್ದಳು. ಅವನಿಗೆ ಇಪ್ಪತ್ತು ವರ್ಷ.

ಮೇಲ್ವಿಚಾರಕರ ದನಿ. ಒಳ್ಳೆಯ ಮನುಷ್ಯ, ಯಾರನ್ನೂ ಗದರಿಸಿದವರಲ್ಲ. "ನಿಮ್ಮ ಅಕ್ಕ ಹೊರಟುಬಿಟ್ಟರಾ? ಒಳ್ಳೆ ಸುದ್ದಿ ಇತ್ತು. ಅವರು ದಿನಾ ಲೈನ್ ಹಿಡಿಯೋ ಊರಿಗೇ ತರಬೇತಿಗೆ ನಾಲ್ಕು ಜನರನ್ನ ಕಳಿಸ್ತಿದ್ದೀವಿ, ಹದಿನೈದು ದಿನ, ಕೊನೆಗೆ ಮೂರು ದಿನ ಊರು ತೋರಿಸ್ತಾರೆ. ಅವರ ಹೆಸರೇ ಮೊದಲು ಬಂದಿದೆ. ಒಂಬತ್ತರೊಳಗೆ ನಾನು ಪಟ್ಟಿ ಮೇಲಕ್ಕೆ ಕಳಿಸಬೇಕು, ಮನೆ ಕಡೆ ತೊಂದರೆ ಏನಿಲ್ಲವಲ್ಲ?"

ಹದಿನೈದು ದಿನ. ಅಮ್ಮನ ಪಕ್ಕದಲ್ಲಿ ಹದಿನೈದು ದಿನ ಎಂಬುದು ಅವನ ಕಣ್ಣ ಮುಂದೆ ಒಂದೊಂದು ಬಟ್ಟೆಯಾಗಿ, ಒಂದೊಂದು ಬಕೆಟ್ಟಾಗಿ ನಿಂತಿತು. ಯೋಚಿಸಿ ಆಡಿದ ಮಾತಲ್ಲ ಅದು. ಆದರೆ ಎಷ್ಟು ಸರಾಗವಾಗಿ ಬಂತು. ಮುಂದಿನ ಇಪ್ಪತ್ತಾರು ವರ್ಷಗಳಲ್ಲಿ ಅವನು ಅಷ್ಟು ಸರಾಗವಾಗಿ ಇನ್ನೊಂದು ಮಾತಾಡಿದ್ದಿಲ್ಲ.

ಭಾನುವಾರ ಮಧ್ಯಾಹ್ನ ಹೆಂಡತಿ ಮೇಲೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ ಅಕ್ಕ ಅವನನ್ನು ಕೋಣೆಗೆ ಕರೆದಳು. ಕಿಟಕಿಯ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ನಕ್ಷೆ ಬಿಚ್ಚಿತ್ತು. ಬಂದರಿನ ಪಕ್ಕದ ಒಂದು ಬೀದಿಗೆ ಅವಳು ಸಣ್ಣದೊಂದು ಸೊನ್ನೆ ಸುತ್ತಿದ್ದಳು.

"ನಿನ್ನ ಎರಡನೇ ದಿನದ ಮಧ್ಯಾಹ್ನ ಖಾಲಿ ಇದೆಯಲ್ಲ. ಇಲ್ಲಿ ಹಳೇ ಎಕ್ಸ್‌ಚೇಂಜು ಇತ್ತು. ಈಗ ಏನಿದೆಯೋ. ಕಟ್ಟಡ ಇದ್ದರೆ ಒಂದು ಫೋಟೋ ತೆಗೆದ್ಕೊಂಡು ಬಾ." ದಿಂಬಿನ ಕೆಳಗಿಂದ ಒಂದು ಲಕೋಟೆ ತೆಗೆದಳು. "ಇದನ್ನ ಅಲ್ಲಿ ಯಾರಿಗಾದರೂ ಕೊಟ್ಟು ಕೇಳು, ಹಳಬರು ಯಾರಾದರೂ ಗೊತ್ತಿದ್ದಾರಾ ಅಂತ. ಹದಿನೇಳಕ್ಕೆ. ಸಿಗಲ್ಲ ಅಂತ ಗೊತ್ತು. ಆದರೂ ನನ್ನ ಸಮಾಧಾನಕ್ಕೆ."

"ಏನು ಬರೆದಿದ್ದೀಯ?"

"ಕ್ಷಮಿಸು ಅಂತ." ಅವಳು ಮಂಡಿಯನ್ನು ನಿಧಾನ ನೀವಿಕೊಂಡಳು. "ತರಬೇತಿಗೆ ಹೋಗೋರ ಪಟ್ಟಿ ಬರೋಕೆ ಮೊದಲೇ ನಾನು ಬರ್ತೀನಿ ಅಂತ ಹೇಳಿಬಿಟ್ಟಿದ್ದೆ ಅವಳಿಗೆ. ಅಷ್ಟು ಜಂಬ ನನಗೆ. ಧ್ವನಿ ಪರೀಕ್ಷೆ ಮಾಡಿ ಆರಿಸಿದ್ದರು, ನನ್ನದೇ ಚೆನ್ನಾಗಿದೆ ಅಂತ ಎಲ್ಲರೂ ಅಂತಿದ್ದರು. ಆಮೇಲೆ ನನ್ನ ಹೆಸರೇ ಇಲ್ಲ. ಹೋದ ನಾಲ್ವರಲ್ಲಿ ಒಬ್ಬಳಿಗೆ ಸ ಶ ವ್ಯತ್ಯಾಸವೇ ಬರ್ತಿರಲಿಲ್ಲ ಕಣೋ. ಅವಳಿಗಿಂತ ನನ್ನದು ಕಳಪೆ ಅಂದಮೇಲೆ ಇನ್ನೇನು. ಹದಿನೇಳು ದಿನಾ ಕೇಳ್ತಿದ್ದಳು, ಯಾವತ್ತು ಹೊರಡ್ತೀಯ, ಯಾವತ್ತು ಹೊರಡ್ತೀಯ. ಏನಂತ ಹೇಳಲಿ? ಲೈನಿಗೆ ಕೂರೋಕೇ ಮುಖ ಇರಲಿಲ್ಲ. ಕಡತದ ಕೋಣೆಗೆ ವರ್ಗ ಕೇಳ್ಕೊಂಡೆ."

ಅಮ್ಮನಿಗಾಗಿ ಹಗಲಿನ ಕೆಲಸ ಬೇಕೆಂದು ಅಕ್ಕ ವರ್ಗ ಕೇಳಿಕೊಂಡಳೆಂದೇ ಅವನು ಇಷ್ಟು ವರ್ಷ ನಂಬಿದ್ದ. ನಂಬಿದ್ದನೋ, ನಂಬುವುದಕ್ಕೆ ಅನುಕೂಲವಾಗಿತ್ತೋ. ತಾನು ಕಸಿದುಕೊಂಡಿದ್ದು ಒಂದು ಪ್ರವಾಸ ಎಂದು ಲೆಕ್ಕ ಹಾಕಿಟ್ಟುಕೊಂಡಿದ್ದ. ಪ್ರವಾಸವಾದರೆ ಎಷ್ಟೋ ಜನ ಹೋಗದೆಯೂ ಇರುತ್ತಾರೆ. ಅಕ್ಕ ಮಾತು ಕಡಿಮೆ ಮಾಡಿದ್ದು, ಮದುವೆಮನೆಗಳಲ್ಲಿ ಹಾಡು ಎಂದರೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದದ್ದು, ಧೂಳು ಹಿಡಿದ ಕಡತಗಳ ನಡುವೆ ಇಪ್ಪತ್ತನಾಲ್ಕು ವರ್ಷ ಯಾರಿಗೂ ಕೇಳಿಸದಂತೆ ಕೂತು ಅವಧಿಗೆ ಮುಂಚೆಯೇ ನಿವೃತ್ತಿ ತಗೊಂಡದ್ದು, ಇವೆಲ್ಲ ಬೇರೆ ಬೇರೆ ಎಂದುಕೊಂಡಿದ್ದ. ಲಕೋಟೆ ಅವನ ಅಂಗೈಯಲ್ಲಿತ್ತು.

"ನಿನ್ನ ಹೆಸರು ಇತ್ತು," ಎಂದ.

ಅವಳಿಗೆ ಅರ್ಥವಾಗಲಿಲ್ಲ.

"ಮೊದಲನೇ ಹೆಸರೇ ನಿನ್ನದು. ಮೇಲ್ವಿಚಾರಕರು ಮನೆಗೆ ಫೋನ್ ಮಾಡಿದ್ದರು. ನಾನೇ ಎತ್ತಿದ್ದು."

ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಸದ್ದು. ಅಕ್ಕ ನಕ್ಷೆಯನ್ನು ಮಡಚಲು ಶುರುಮಾಡಿದಳು, ಮೊದಲಿದ್ದ ಮಡಿಕೆಗಳ ಮೇಲೇ ಸರಿಯಾಗಿ, ಒಂದೊಂದಾಗಿ. ಪೂರ್ತಿ ಮಡಚಿ ತೊಡೆಯ ಮೇಲಿಟ್ಟುಕೊಂಡ ಮೇಲೆ ಹೇಳಿದಳು:

"ಏನು ಹೇಳಿದೆ ಅವರಿಗೆ?"

"ಅಮ್ಮನಿಗೆ ಹುಷಾರಿಲ್ಲ, ನೀನು ಬರೋಕಾಗಲ್ಲ ಅಂತ ಹೇಳಿದೆ."

"ಅದಲ್ಲ. ಹೇಗೆ ಹೇಳಿದೆಯೋ ಹಾಗೇ ಹೇಳು. ನೀನು ಅಂದ ಮಾತು."

ಅವನು ಗೋಡೆ ನೋಡುತ್ತಾ ಹೇಳಿದ. ಒಂದು ಅಕ್ಷರವೂ ಮರೆತಿರಲಿಲ್ಲ. "ಅಕ್ಕನಿಗೆ ಆಗಲ್ಲ ಸಾರ್. ಅಮ್ಮನನ್ನ ಬಿಟ್ಟು ಬರಲ್ಲ ಅವಳು. ಹೀಗೇನಾದರೂ ಫೋನ್ ಬಂದರೆ ಬೇಡ ಅಂತ ಹೇಳು ಅಂತ ಅವಳೇ ಹೇಳಿಟ್ಟಿದ್ದಾಳೆ. ದಯವಿಟ್ಟು ಅವಳ ಮುಂದೆ ಈ ಮಾತು ಎತ್ತಬೇಡಿ ಸಾರ್, ನೊಂದ್ಕೊಳ್ತಾಳೆ."

"ಅವರೇನಂದರು?"

"ಜವಾಬ್ದಾರಿ ಇರೋ ಹುಡುಗ ಅಂದರು."

ಅವಳ ತುಟಿಯ ಮೇಲೆ ನಗುವಿನಂಥದ್ದೇನೋ ಬಂದು ಹೋಯಿತು. ಅದಕ್ಕಿಂತ ಅವಳು ಒಂದು ಏಟು ಹಾಕಿದ್ದರೆ ತಾಳಿಕೊಳ್ಳಬಹುದಿತ್ತು. "ಅದಕ್ಕೇ ಅವರು ನಿವೃತ್ತಿ ಆಗೋ ತನಕ ನನ್ನ ಕಂಡರೆ ಅಷ್ಟು ಮೆತ್ತಗೆ ಮಾತಾಡ್ತಿದ್ದರು," ಎಂದಳು. "ನಾನು ಏನೇನೋ ಅಂದ್ಕೊಂಡಿದ್ದೆ. ನಿನಗೆ ಆಗ ಪರೀಕ್ಷೆ ಇತ್ತಲ್ಲವಾ?"

ಅವಳು ಅವನಿಗೊಂದು ದಾರಿ ಮಾಡಿಕೊಡುತ್ತಿದ್ದಳು. ಹೂಂ ಎಂದರೆ ಸಾಕಿತ್ತು. ಎಷ್ಟೋ ವರ್ಷ ಅವನು ತನಗೂ ಅದನ್ನೇ ಹೇಳಿಕೊಂಡು ಮಲಗಿದ್ದ.

"ಮುಗಿದು ಹತ್ತು ದಿನ ಆಗಿತ್ತು."

"ಮತ್ತೆ?"

"ಅಮ್ಮನ ಬಟ್ಟೆ ಬದಲಾಯಿಸೋದು, ಒರೆಸೋದು. ನನ್ನ ಕೈಲಿ ಆಗ್ತಿರಲಿಲ್ಲ. ಅಸಹ್ಯ ಆಗ್ತಿತ್ತು."

"ನನಗೂ ಆಗ್ತಿತ್ತು," ಎಂದಳು ಅಕ್ಕ.

ಇದನ್ನು ಅವನು ಯಾವತ್ತೂ ಯೋಚಿಸಿರಲಿಲ್ಲ. ಅಕ್ಕನಿಗೆ ಅದೆಲ್ಲ ಬರುತ್ತದೆ, ಅವಳು ಹುಟ್ಟಿದ್ದೇ ಹಾಗೆ ಎಂದುಕೊಂಡಿದ್ದ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆ ಅಮ್ಮನ ಮೇಲೆ ಬಗ್ಗಿ, ಅವಳು ಒಂದೊಂದು ಅಕ್ಷರ ಬಿಡಿಸಿ ಹೇಳುತ್ತಿದ್ದಳು: ಈಗ ಈ ಕಡೆ ತಿರುಗಿಸ್ತೀನಿ ಅಮ್ಮ. ಈಗ ಕಾಲು. ಅವನು ಬಾಗಿಲಾಚೆ ನಿಂತು ಪುಸ್ತಕ ಹಿಡಿದುಕೊಂಡಿರುತ್ತಿದ್ದ. ಅಕ್ಕನಿಗೆ ಏನಾದರೂ ಕೊಟ್ಟುಬಿಡಬೇಕೆನಿಸಿತು, ಈಗಲೇ, ಕೈಯಲ್ಲಿರುವುದನ್ನು.

"ನನ್ನ ಬದಲು ನೀನು ಹೋಗು. ಹೆಸರು ಬದಲಾಯಿಸಿಕೊಡ್ತಾರೆ, ನಾಳೆಯೇ ಮಾತಾಡ್ತೀನಿ. ಅವಳ ಜೊತೆ ನೀನು ಹೋಗಿ ಬಾ, ನಾನು ಮನೇಲಿರ್ತೀನಿ."

"ಅವಳನ್ನ ಕೇಳಿದ್ದೀಯಾ?"

"ಅವಳು ಬೇಡ ಅನ್ನಲ್ಲ. ಅವಳಿಗೆ ನೀನಂದರೆ ಇಷ್ಟ."

ಅಕ್ಕ ಅವನನ್ನು ನೋಡಿದಳು. ಆ ದಿನ ಅವಳು ಅವನ ಮುಖವನ್ನು ನೇರವಾಗಿ ನೋಡಿದ್ದು ಆಗಲೇ. "ಇನ್ನೂ ಬೇರೆಯವರ ಪರವಾಗಿ ಉತ್ತರ ಕೊಡ್ತಾನೇ ಇದ್ದೀಯಲ್ಲೋ," ಎಂದಳು. ದನಿ ಏರಿರಲಿಲ್ಲ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. "ಹೋಗು. ಬಾಗಿಲು ಎಳೆದ್ಕೊಂಡು ಹೋಗು."

ಮೆಟ್ಟಿಲು ಹತ್ತುವಾಗ ಹೆಂಡತಿಗೆ ಎಷ್ಟು ಹೇಳುವುದು ಎಂದು ಅಳೆಯುತ್ತಿದ್ದ. ಮೇಲೆ ಹೋಗಿ ಅವಳೆದುರು ನಿಂತಾಗ ಎಲ್ಲವೂ ಬಂದುಬಿಟ್ಟಿತು, ಪರೀಕ್ಷೆ ಮುಗಿದಿದ್ದು, ಅಸಹ್ಯ, ಕೊನೆಗೆ ಟಿಕೆಟ್ಟಿನ ಮಾತೂ. ಅವಳು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ಹೊಸದಾಗಿ ಹೊಲಿಸಿದ್ದ ಪ್ರಯಾಣದ ಬಟ್ಟೆ ಮೇಜಿನ ಮೇಲೆ ಅರ್ಧ ಇಸ್ತ್ರಿಯಾಗಿ ಬಿದ್ದಿತ್ತು.

"ನಾನು ನಿಮ್ಮ ಜೊತೆ ಹೋಗೋಣ ಅಂತ ಇಪ್ಪತ್ತು ವರ್ಷ ಕಾದಿದ್ದು," ಎಂದಳು ನಿಧಾನವಾಗಿ. "ನನ್ನನ್ನ ತೆಗೆದು ಅವರಿಗೆ ಕೊಟ್ಟುಬಿಟ್ಟಿರಿ, ಅಲ್ವಾ? ನಿಮ್ಮ ಮನಸ್ಸು ಹಗುರಾಗಲಿ ಅಂತ."

ಅವನು ಏನೋ ಹೇಳಲು ಹೊರಟ. ಅವಳು ಕೈ ಎತ್ತಿದಳು. "ನೀವು ಇಲ್ಲೇ ಇರಿ. ಅಕ್ಕನ ಹತ್ತಿರ ನಾನು ಮಾತಾಡ್ಕೊಳ್ತೀನಿ."

ಅವಳು ಕೆಳಗಿಳಿದು ಹೋದಳು. ಅವನು ಮಂಚದ ತುದಿಯಲ್ಲಿ ಕೂತ. ಕೆಳಗಿಂದ ಇಬ್ಬರ ದನಿ ಬರುತ್ತಿತ್ತು, ಮಾತು ಹಿಡಿಯಲಾಗುತ್ತಿರಲಿಲ್ಲ. ಒಮ್ಮೆ ಯಾರೋ ಅತ್ತಂತಾಯಿತು, ಅಕ್ಕನೋ ಹೆಂಡತಿಯೋ ತಿಳಿಯಲಿಲ್ಲ. ಇಳಿದು ಹೋಗಿ ಕಿವಿಗೊಡಬೇಕೆನಿಸಿ ನಾಲ್ಕು ಮೆಟ್ಟಿಲು ಇಳಿದ. ನಲವತ್ತಾರು ವರ್ಷದವನು ಗೋಡೆಗೆ ಆನಿಕೊಂಡು ಕಳ್ಳನ ಹಾಗೆ ನಿಂತಿದ್ದೇನೆ ಎನಿಸಿದಾಗ ಮತ್ತೆ ಹತ್ತಿ ಬಂದು ಕೂತ. ಬಿಸಿಲು ಇಳಿದ ಮೇಲೆ ಹೆಂಡತಿ ಬಂದು, "ಪ್ರವಾಸ ಸದ್ಯಕ್ಕೆ ಮುಂದಕ್ಕೆ ಹಾಕಿಸ್ತೀನಿ," ಎಂದಳು. "ಅಕ್ಕ ಯೋಚನೆ ಮಾಡಿ ಹೇಳ್ತಾರಂತೆ. ಅಲ್ಲೀತನಕ ನೀವು ಅವರನ್ನ ಏನೂ ಕೇಳಬೇಡಿ. ಕ್ಷಮೆನೂ ಕೇಳಬೇಡಿ."

ಹತ್ತೊಂಬತ್ತು ದಿನ ಹಾಗೇ ಹೋಯಿತು. ಅಕ್ಕ ಮಾತು ಬಿಟ್ಟಿರಲಿಲ್ಲ, ಅದೇ ಕಷ್ಟ. ಅವನಿಗೆ ಬಂದ ಕರೆಗಳನ್ನೆಲ್ಲ ಹೊತ್ತು ನಂಬರು ಸಮೇತ ಚೀಟಿಯಲ್ಲಿ ಬರೆದು ಮೆಟ್ಟಿಲಿನ ಮೇಲೆ, ಹಾರಿಹೋಗದಂತೆ ಒಂದು ಕಲ್ಲಿಟ್ಟು ಇಡುತ್ತಿದ್ದಳು. ಎದುರು ಸಿಕ್ಕರೆ ನೀರು ಬಂತಾ ಎನ್ನುವಳು, ಇವನು ಬಂತು ಎನ್ನುವನು. ಲ್ಯಾಬಿನಲ್ಲಿ ಒಂದು ಸೆಟ್ಟಿಗೆ ಎಡದ ಹಲ್ಲುಗಳನ್ನು ಬಲಕ್ಕೆ ಕೂರಿಸಿ ಡಾಕ್ಟರಿಂದ ಬೈಸಿಕೊಂಡ. ಹದಿನೇಳಕ್ಕೆ ಬರೆದ ಕಾಗದ ಅವನ ಅಂಗಿಯ ಜೇಬಿನಲ್ಲೇ ಉಳಿದಿತ್ತು. ಹಿಂದಕ್ಕೆ ಕೊಡುವುದಕ್ಕೂ ಆಗದೆ ಇಟ್ಟುಕೊಳ್ಳುವುದಕ್ಕೂ ಆಗದೆ, ದಿನಾ ಒಂದು ಅಂಗಿಯಿಂದ ಇನ್ನೊಂದು ಅಂಗಿಗೆ ಸಾಗಿಸುತ್ತಿದ್ದ. ಕ್ಷಮೆ ಕೇಳಬಾರದೆಂದು ಹೇಳಿಸಿಕೊಂಡ ಮೇಲೆ ಗೊತ್ತಾಯಿತು, ಕ್ಷಮೆ ಕೇಳುವುದು ಎಷ್ಟು ಸುಲಭದ ಕೆಲಸ ಎಂದು.

ಇಪ್ಪತ್ತನೆಯ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಅವನು ಲ್ಯಾಬಿನಲ್ಲಿ ಪ್ಲಾಸ್ಟರ್ ಕಲಸಿ ಅಚ್ಚಿಗೆ ಸುರಿಯುತ್ತಿದ್ದಾಗ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಈ ಲ್ಯಾಬಿಗೆ ಅವಳು ಒಮ್ಮೆಯೂ ಬಂದವಳಲ್ಲ. ಬಸ್ ಸ್ಟಾಪಿನಿಂದ ಇಲ್ಲಿಯ ತನಕ ಏರು, ಕೊನೆಗೆ ಹದಿನಾಲ್ಕು ಮೆಟ್ಟಿಲು. ಅವಳ ಉಸಿರು ಇನ್ನೂ ತಹಬಂದಿಗೆ ಬಂದಿರಲಿಲ್ಲ. ಮೀಸೆ ತಿರುಗಿ ನೋಡಿ ತನ್ನ ಸ್ಟೂಲನ್ನೇ ಅವಳ ಕಡೆ ತಳ್ಳಿ, ನಿಂತುಕೊಂಡೇ ನಿಂತಿದ್ದ ಮಿಷನ್ನಿಗೆ ಪಾಲಿಶ್ ಚಕ್ರ ಸಿಕ್ಕಿಸತೊಡಗಿದ. ಅಕ್ಕ ಕೂತಳು. ಸಾಲಾಗಿಟ್ಟ ದವಡೆಗಳನ್ನು ಒಂದು ಸುತ್ತು ನೋಡಿದಳು.

"ಇಷ್ಟೂ ಜನರ ಬಾಯಿ ನೀನೇ ತುಂಬ್ತೀಯಾ?" ಎಂದಳು.

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಎರಡೂ ಕೈಯಲ್ಲಿ ಅಚ್ಚು ಹಿಡಿದಿದ್ದ. ಗಟ್ಟಿಯಾಗುವ ತನಕ ಅಲುಗಿಸುವ ಹಾಗಿರಲಿಲ್ಲ, ಎದ್ದು ನಿಲ್ಲುವ ಹಾಗೂ ಇರಲಿಲ್ಲ.

"ನಾನೂ ನಿನ್ನ ಹೆಂಡತಿಯೂ ಹೋಗ್ತಿದ್ದೀವಿ," ಎಂದಳು. "ಮುಂದಿನ ತಿಂಗಳು ಎಂಟಕ್ಕೆ. ನಾಲ್ಕಲ್ಲ, ಆರು ದಿನ. ನನ್ನ ಕಾಲಿಗೆ ನಾಲ್ಕು ಸಾಲದು. ಕ್ಷಮಿಸಿದ್ದೀನಿ ಅಂತ ತಿಳ್ಕೋಬೇಡ. ಅದು ಆಗುತ್ತೋ ಇಲ್ವೋ ನನಗೇ ಗೊತ್ತಿಲ್ಲ. ನಿನ್ನೆ ಬಾತ್‌ರೂಮಲ್ಲಿ ಬಾಗಿಲು ಹಾಕ್ಕೊಂಡು ನನ್ನ ಹೆಸರು ಗಟ್ಟಿಯಾಗಿ ಹೇಳ್ಕೊಂಡೆ, ಹೇಗೆ ಕೇಳಿಸುತ್ತೆ ನೋಡೋಣ ಅಂತ. ಚೆನ್ನಾಗೇ ಇದೆ. ಆಗ ಅಳು ಬಂತು, ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು. ಇನ್ನೂ ಇದೆ."

ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಅಂಗೈಯಲ್ಲಿ ಆ ಬಿಸಿ ಏರುವುದು ಅವನಿಗೆ ಗೊತ್ತಾಗುತ್ತಿತ್ತು. ಅವನು ತಲೆ ತಗ್ಗಿಸಿದ್ದ.

"ಸಾಮಾನು ಹೊರೋಕೆ ಒಬ್ಬರು ಬೇಕು ಅಂತ ಅವಳು ಅಂದಳು," ಅಕ್ಕ ಮುಂದುವರಿಸಿದಳು. "ಮನೆಯ ಯಜಮಾನರು ಬರ್ತಾರಾ ಅಂತ ಪ್ರವಾಸದ ಆಫೀಸಿನ ಹುಡುಗಿ ನನ್ನನ್ನೂ ಕೇಳಿದಳು, ಅವಳನ್ನೂ ಕೇಳಿದಳು. ನಾವಿಬ್ಬರೂ ಏನೂ ಹೇಳಿಲ್ಲ. ನಿನ್ನ ಬಾಯಿಂದಲೇ ಕೇಳಬೇಕು ಅಂತ ನಾನು ಬಂದೆ. ಬರ್ತೀಯೋ ಇಲ್ವೋ, ನೀನೇ ಹೇಳು. ಯಾವುದಾದರೂ ಸರಿ."

ಅಷ್ಟರಲ್ಲಿ ಹಿಂದೆ ಮಿಷನ್ನು ಜೋರಾಗಿ ತಿರುಗತೊಡಗಿತು. ಅವನು ಹೇಳಿದ.

"ಕೇಳಿಸಲಿಲ್ಲ," ಎಂದಳು ಅಕ್ಕ, ತಲೆಯನ್ನು ಸ್ವಲ್ಪ ಓರೆ ಮಾಡಿ.

ಮೀಸೆ ಮಿಷನ್ನು ಆರಿಸಿದ. ಚಕ್ರ ನಿಲ್ಲುವ ತನಕ ಅಕ್ಕ ಕಾದಳು. ಅವನು ಗಂಟಲು ಸರಿಮಾಡಿಕೊಂಡು, ಅವಳ ಮುಖ ನೋಡಿ, ಇನ್ನೊಂದು ಸಲ ಹೇಳಿದ: "ಬರ್ತೀನಿ."